ಕಾರಿನಲ್ಲಿ ಕೂತೇ ಕೋರ್ಟಿಗೆ ಹೋದದ್ದು

ಮಂಗಳವಾರ ಮಧ್ಯಾಹ್ನ,
ಅಂಗಡಿಯಿಂದ

ಬೀಗಿತ್ತಿಯವರಿಗೆ,

ನಾನು ಕ್ಷೇಮ, ನೀವು ಕ್ಷೇಮವೇ ಅಂತ ಶುರು ಮಾಡಬೇಕು, ಅಷ್ಟು ನನಗೂ ಗೊತ್ತು. ಆದರೆ ನಾನು ಕ್ಷೇಮವಾಗಿಲ್ಲ. ನೀವು ಕ್ಷೇಮವಾಗಿರುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಎರಡನ್ನೂ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಫೋನ್ ಮಾಡಿದಾಗಲೆಲ್ಲ ನೀವು, ಮಗು ಮಾತಾಡಲ್ಲ ಅಂತಿದೆ, ನಾನೇನು ಮಾಡಲಿ ಅನ್ನುತ್ತೀರಿ. ಮೊನ್ನೆ ನಾನು, ನೀವೇ ಹೇಳಿಕೊಟ್ಟು ಕೂರಿಸಿದ್ದೀರಿ ಅಂದೆ. ನೀವು ಫೋನ್ ಇಟ್ಟಿರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇಡುವ ಮೊದಲು ಇನ್ನೂ ಎರಡು ಮಾತು ಹೇಳಿ ಇಡುತ್ತಿದ್ದೆ. ನನ್ನ ಬಾಯಿ ಹಾಗಿದೆ, ಅದಕ್ಕೇ ಕಾಗದ ಹಿಡಿದೆ. ಕಾಗದದಲ್ಲಿ ಬೈದರೆ ಗೀಟು ಹಾಕಿ ಹೊಡೆದುಹಾಕಬಹುದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪುಗಳಿರುತ್ತವೆ. ನೀವು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಬೇಕಾದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಕೊಳ್ಳಿ. ಆದರೆ ಕೊನೆವರೆಗೆ ಓದಿ.

ಹೇಳಬೇಕಾದ್ದು ಒಂದೇ. ಕೋರ್ಟಿನ ದಿನ ನಾನು ಬಂದಿದ್ದೆ.

ನಿಮ್ಮ ಮನೆ ಕಂಪ್ಯೂಟರಿನಲ್ಲಿ ಐದು ಚೌಕ ಕಾಣುತ್ತಿದ್ದವಲ್ಲ? ಜಡ್ಜಮ್ಮನದು ಒಂದು, ನಿಮ್ಮ ಲಾಯರದು ಒಂದು, ನನ್ನ ಲಾಯರದು ಒಂದು, ನೀವೂ ನಮ್ಮ ಮೊಮ್ಮಗಳು ಸೂಜಿಯೂ ಕೂತಿದ್ದ ಚೌಕ ಒಂದು. ಉಳಿದದ್ದು ಬರೀ ಕಪ್ಪು, ಅದರ ಮೇಲೆ ನನ್ನ ಹೆಸರು. ಆ ಕಪ್ಪಿನೊಳಗೆ ನಾನಿದ್ದೆ. ಮೊದಲಿನಿಂದ ಕೊನೆಯವರೆಗೂ ಇದ್ದೆ. ಹಾಜರಿದ್ದೂ ಉತ್ತರ ಕೊಡಲಿಲ್ಲ ಅಂತ ಕೋರ್ಟಿನ ಕಾಗದದಲ್ಲಿ ಬರೆದಿದ್ದಾರೆ. ಬೀಗಿತ್ತಿಯವರೇ, ನಿಮ್ಮ ಮಗ ನನ್ನ ಮಗಳನ್ನು ಕಟ್ಟಿಕೊಂಡ ದಿನದಿಂದ ನನ್ನನ್ನು ನೋಡಿದ್ದೀರಿ. ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಸುಮ್ಮನೆ ಕೂತದ್ದು ಯಾವತ್ತಾದರೂ ಉಂಟಾ?

ನಡೆದದ್ದು ಹೀಗೆ.

ಲಾಯರು ಹೇಳಿದ್ದರು, ನೀವು ಅಷ್ಟು ದೂರದಿಂದ ಬರೋದು ಬೇಡಮ್ಮ, ಕಂಪ್ಯೂಟರಿನಲ್ಲೇ ಹಾಜರಾಗಿ, ಈಗ ಎಲ್ಲ ಹಾಗೇ ನಡೆಯುತ್ತೆ ಅಂತ. ನನ್ನ ಹತ್ತಿರ ಕಂಪ್ಯೂಟರ್ ಎಲ್ಲಿದೆ? ಇರುವುದು ಗುಂಡಿ ಒತ್ತುವ ಫೋನು. ಎದುರಿನ ಜೆರಾಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಕೂರುವುದು ಅಂತ ಮಾತಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಮಗಳ ಮದುವೆಗೆ ಉಟ್ಟ ಸೀರೆ ಉಟ್ಟು ಹೋದರೆ ಬೀದಿಗೆಲ್ಲ ಕರೆಂಟಿಲ್ಲ. ಜೆರಾಕ್ಸಿನವನು ಪಾಪ, ಅಕ್ಕಾ ನನ್ನ ಫೋನಿದೆ, ಇಲ್ಲೇ ಕೌಂಟರಿನ ಮೇಲೆ ನಿಲ್ಲಿಸಿ ಕೊಡ್ತೀನಿ ಕೂತ್ಕೊಳ್ಳಿ ಅಂದ. ಕೌಂಟರಿನ ಮುಂದೆ ಆಗಲೇ ಐದಾರು ಜನ. ಅವರೆಲ್ಲ ಕಿವಿ ನಿಮಿರಿಸಿಕೊಂಡು ನಿಂತಿರುವಾಗ ನನ್ನ ಮಗಳು ಹೇಗೆ ಸತ್ತಳು, ಅಳಿಯ ಯಾಕೆ ಮನೆಗೆ ಬರೋಲ್ಲ ಅಂತ ಬೆಂಕಿಪೊಟ್ಟಣದಷ್ಟು ಫೋನಿಗೆ ನಾನು ಹೇಳಬೇಕಾ? ಕೋರ್ಟೇನು ಸಂತೆಯೇನೋ ಅಂತ ಅವನಿಗೆ ಉಗಿದು ವಾಪಸ್ಸು ಬಂದೆ. ಅವನ ಒಳ್ಳೆ ಮಾತಿಗೆ ನನ್ನ ಬಾಯಿಂದಲೂ ಒಳ್ಳೆ ಮಾತು ಬಂದಿದ್ದರೆ ಈ ಕಾಗದ ಬರೆಯುವ ಪ್ರಮೇಯವೇ ಇರಲಿಲ್ಲ. ಅದನ್ನು ನೀವು ಹೇಳುವ ಮೊದಲು ನಾನೇ ಹೇಳಿಬಿಟ್ಟೆ.

ನನ್ನ ಹೊಲಿಗೆ ಅಂಗಡಿ ಮುಂದೆ ಹಲ್ಲಿನ ಡಾಕ್ಟರಮ್ಮನ ಕಾರು ನಿಂತಿತ್ತು. ಬ್ಯಾಟರಿ ಕಾರು. ಅವಳ ನಾಯಿ ಹಿಂದಿನ ಸೀಟನ್ನು ಕಚ್ಚಿ ಕಚ್ಚಿ ಸ್ಪಂಜು ಈಚೆಗೆ ಎಳೆದಿತ್ತು, ಹೊಸ ಕವರು ಹೊಲಿಯಲು ಬಿಟ್ಟು ಹೋಗಿದ್ದಳು. ಹಿಂದಿನ ಸೀಟು ಬಿಚ್ಚಿ ಅಂಗಡಿಯೊಳಗೆ ಇಟ್ಟಿದ್ದೆ. ಮುಂದಿನದು ಹಾಗೇ ಇತ್ತು.

ಆ ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಸ್ಟೀರಿಂಗಿನ ಪಕ್ಕದಲ್ಲಿ ಒಂದು ಪರದೆ ಇದೆ, ಊಟದ ತಟ್ಟೆಗಿಂತ ದೊಡ್ಡದು. ಅದರೊಳಗೆ ಇಂಟರ್‌ನೆಟ್ಟು ಇದೆ. ಅದಕ್ಕೆ ಬ್ರೌಸರ್ ಅನ್ನುತ್ತಾರಂತೆ. ಫೋನು ಬೇಡ, ವೈರು ಬೇಡ, ಕಾರಿಗೇ ಅದರದ್ದೇ ಸಿಮ್ಮು. ಕಾರು ಬಿಡಲು ಬಂದ ದಿನ ಡಾಕ್ಟರಮ್ಮ ಅದನ್ನು ನನಗೆ ತೋರಿಸಿದ್ದೇ ತೋರಿಸಿದ್ದು. ಚಾರ್ಜಿಗೆ ಹಾಕಿ ಕಾಯುವಾಗ ಇದರಲ್ಲೇ ಸಿನಿಮಾ ನೋಡ್ತೀನಿ, ಕರೆಂಟ್ ಬಿಲ್ ಕಟ್ತೀನಿ, ಚಪ್ಪಲಿ ತರಿಸ್ತೀನಿ ಅಂದಳು. ನಾನು, ಅಲ್ಲಮ್ಮ, ಚಪ್ಪಲಿ ತರೋಕೆ ಹೋಗೋಣ ಅಂತ ತಾನೇ ಕಾರು ತಗೊಳ್ಳೋದು, ನೀನು ಕಾರು ನಿಲ್ಲಿಸಿಕೊಂಡು ಅದರೊಳಗೆ ಕೂತು ಚಪ್ಪಲಿ ತರಿಸ್ತೀಯಲ್ಲ ಅಂದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ನನ್ನ ಬೈಗುಳಕ್ಕೆ ನಗುವವಳು ಈ ಬೀದಿಯಲ್ಲಿ ಅವಳೊಬ್ಬಳೇ. ಮತ್ತೆ, ಕನ್ನಡಿಯ ಮೇಲೆ ಕಡಲೆಕಾಳಷ್ಟು ಒಂದು ಕಣ್ಣಿದೆ. ಅದೇನು ಅಂತ ಕೇಳಿದ್ದಕ್ಕೆ, ಓಡಿಸೋವಾಗ ನಾನು ತೂಕಡಿಸ್ತೀನೇನೋ ಅಂತ ಕಾರು ನನ್ನ ಮುಖಾನೇ ನೋಡ್ತಿರತ್ತೆ ಅಂದಳು. ಓಡುವಾಗ ಮಾತ್ರ ಬ್ರೌಸರ್ ತೆರೆದುಕೊಳ್ಳಲ್ಲ ಅಂತಲೂ ಹೇಳಿದ್ದಳು. ನಿಂತಿರಬೇಕು, ಡ್ರೈವರ್ ಸೀಟಿನಲ್ಲಿ ಜನ ಇರಬೇಕು. ಎದ್ದು ಹೋದರೆ, ಕೂತವರು ಹೋದರು ಅಂತ ತಿಳಿದು ತಾನೇ ಮುಚ್ಚಿಕೊಂಡು ಮಲಗುತ್ತದೆ.

ಕರೆಂಟಿಲ್ಲದ ಬೀದಿಯಲ್ಲಿ ಕರೆಂಟು ಇದ್ದದ್ದು ಆ ಕಾರಿಗೆ ಒಂದಕ್ಕೇ. ಕೀಲಿ ನನ್ನ ಹತ್ತಿರ. ಇಷ್ಟು ದೊಡ್ಡ ಪರದೆ, ಬಾಗಿಲು ಹಾಕಿಕೊಂಡರೆ ಯಾರಿಗೂ ಕೇಳಿಸುವುದಿಲ್ಲ, ನೋಡಲು ಕಣ್ಣೂ ಇದೆ. ದೇವರೇ ತಂದು ನಿಲ್ಲಿಸಿದ ಅಂದುಕೊಂಡೆ.

ಫೋನ್ ಆರಿಸಿಡಿ, ಮಧ್ಯ ರಿಂಗಾದರೆ ಜಡ್ಜಿಗೆ ಸಿಟ್ಟು ಬರತ್ತೆ ಅಂತ ಲಾಯರು ಹೇಳಿದ್ದರು. ಆರಿಸಿ ಅಂಗಡಿಯ ಮೆಷಿನ್ನಿನ ಮೇಲೆ ಇಟ್ಟು ಬಂದೆ. ಡ್ರೈವರ್ ಸೀಟಿನಲ್ಲಿ ಕೂತೆ. ಲಾಯರು ಕಾಗದದಲ್ಲಿ ಬರೆದು ಕೊಟ್ಟಿದ್ದ ಕೋರ್ಟಿನ ವಿಳಾಸವನ್ನು ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಬೇಡಿ. ಅಷ್ಟು ಹೊತ್ತಿನಲ್ಲಿ ಒಂದು ಸೀಟು ಹೊಲಿದು ಮುಗಿಸಬಹುದಿತ್ತು. ಮಧ್ಯ ಮಧ್ಯ ತಪ್ಪಿತು, ಅಳಿಸಿದೆ, ಮತ್ತೆ ಒತ್ತಿದೆ. ಕೊನೆಗೆ ಇಂಗ್ಲಿಷಿನಲ್ಲಿ ಏನೋ ಬರೆದ ಒಂದು ಹಲಗೆ ಅಡ್ಡ ಬಂತು. ಮೂಲೆಯಲ್ಲಿದ್ದ ಗುರುತು ಒತ್ತಿದೆ, ಹೋಯಿತು. ಅದು ಏನು ಹೇಳುತ್ತಿತ್ತು ಅಂತ ಆಮೇಲೆ ಡಾಕ್ಟರಮ್ಮ ಹೇಳಿದಳು. ಇಲ್ಲಿ ನಿಮ್ಮನ್ನು ತೋರಿಸುವ ಕ್ಯಾಮೆರಾ ಇಲ್ಲ, ನಿಮ್ಮ ಮಾತು ಕೇಳಿಸುವ ಮೈಕು ಇಲ್ಲ ಅಂತ ಹೇಳುತ್ತಿತ್ತಂತೆ.

ನನಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಪರದೆ ಬೆಳಗಿತು, ಜಡ್ಜಮ್ಮ ಕಂಡರು, ನೀವು ಕಂಡಿರಿ, ನಿಮ್ಮ ಪಕ್ಕದಲ್ಲಿ ನನ್ನ ಸೂಜಿ ಕಂಡಳು. ಆ ಹೆಸರು ನಿಮಗೆ ಹಿಡಿಸುವುದಿಲ್ಲ, ಗೊತ್ತು. ಆದರೆ ತಾಯಿ ಹೋದ ಮೇಲೆ ಎರಡು ವರ್ಷ ನನ್ನ ಕಾಲಬುಡದಲ್ಲಿ, ಬಟ್ಟೆ ಚೂರುಗಳ ರಾಶಿಯಲ್ಲಿ ಬೆಳೆದ ಮಗು. ಎಲ್ಲಿ ಬಿದ್ದಿದ್ದಾಳೆ ಅಂತ ಹುಡುಕುವುದೇ ಕೆಲಸವಾಗಿತ್ತು, ಆ ಹೆಸರು ತಾನಾಗಿ ಬಂತು. ರಜೆಗೆ ಅಂತ ನಿಮ್ಮ ಮನೆಗೆ ಕಳಿಸಿದವಳು ನಾನೇ. ಅದರ ಹಿಂದೆಯೇ ನಿಮ್ಮ ಮಗ ತಾನು ಕೆಲಸ ಮಾಡುವ ಹಡಗಿನಲ್ಲಿ ಕೂತು ಅರ್ಜಿ ಹಾಕಿಸಿದ, ಮಗು ಇನ್ನು ಮೇಲೆ ನಮ್ಮ ಅಮ್ಮನ ಹತ್ತಿರ ಇರಲಿ, ಅಲ್ಲೇ ಶಾಲೆಗೆ ಸೇರಲಿ ಅಂತ. ಇರಲಿ, ಅದನ್ನು ಈಗ ಎತ್ತುವುದಿಲ್ಲ.

ಅವಳ ತಲೆ ನೀವು ನೀಟಾಗಿ ಬಾಚಿದ್ದಿರಿ. ನನ್ನ ಹತ್ತಿರ ಒಂದು ದಿನವಾದರೂ ಅಷ್ಟು ಹೊತ್ತು ಕೂತವಳಲ್ಲ. ನಾನು ಕೈ ಬೀಸಿದೆ. ಅವಳು ಬೀಸಲಿಲ್ಲ. ಕೋರ್ಟು ಅಂತ ಹೆದರಿದ್ದಾಳೆ ಅಂದುಕೊಂಡೆ.

ಜಡ್ಜಮ್ಮ ನನ್ನ ಹೆಸರು ಕರೆದು, ಮಗು ತಂದೆಯ ತಾಯಿ ಹತ್ತಿರ ಇರೋದಕ್ಕೆ ನಿಮ್ಮ ಅಭ್ಯಂತರ ಇದೆಯಾ ಅಂದರು. ನಾನು ಕನ್ನಡಿ ಮೇಲಿನ ಆ ಕಣ್ಣನ್ನೇ ದಿಟ್ಟಿಸಿ ನೋಡುತ್ತಾ, ಇದೆ ತಾಯಿ ಅಂದೆ. ಅಂದು ಸುಮ್ಮನಾಗಲಿಲ್ಲ, ನನ್ನ ಮಗಳ ಕಾಯಿಲೆಯಿಂದ ಹಿಡಿದು ಎಲ್ಲ ಹೇಳಿದೆ. ಮಗುವಿಗೆ ಜ್ವರ ಬಂದಾಗ ಯಾರು ಎತ್ತಿಕೊಂಡು ಓಡಿದರು, ಹಲ್ಲು ಬಿದ್ದಾಗ ಯಾರು ಹುಡುಕಿ ಕೊಟ್ಟರು, ಎಲ್ಲ. ನಿಮ್ಮ ಬಗ್ಗೆಯೂ ಕೆಲವು ಮಾತು ಬಂದವು, ಅವು ಯಾರಿಗೂ ಕೇಳಿಸದೆ ಇದ್ದದ್ದೇ ಒಳ್ಳೆಯದಾಯಿತು. ಇಷ್ಟು ಹೇಳಿ ಪರದೆ ನೋಡಿದರೆ ಜಡ್ಜಮ್ಮ ಕೈಕಟ್ಟಿ ಕಾಯುತ್ತಾ ಕೂತಿದ್ದಾರೆ. ಮತ್ತೆ ಅದೇ ಪ್ರಶ್ನೆ. ಈ ಸಲ ನನಗೆ ರೇಗಿತು. ಇಷ್ಟು ಹೊತ್ತು ಹೇಳಿದ್ದೇನು ಗೋಡೆಗಾ ಅಂತ ಜಡ್ಜಿಗೇ ಅಂದುಬಿಟ್ಟೆ. ಅಂದು ನಾಲಿಗೆ ಕಚ್ಚಿಕೊಂಡೆ. ಅವರಿಗೆ ಸಿಟ್ಟೇ ಬರಲಿಲ್ಲ. ಪಕ್ಕಕ್ಕೆ ತಿರುಗಿ ಗುಮಾಸ್ತನಿಗೆ, ಅಜ್ಜಿ ಕಡೆಯಿಂದ ಏನೂ ಬರ್ತಿಲ್ಲವಲ್ಲ ಅಂದರು.

ಆಗ ಗೊತ್ತಾಯಿತು. ಆ ಕಣ್ಣು ನನ್ನನ್ನು ನೋಡುತ್ತಿದ್ದದ್ದು ನಾನು ತೂಕಡಿಸುತ್ತೀನಾ ಅಂತ, ಅಷ್ಟೇ. ಬೇರೆ ಯಾರಿಗೂ ತೋರಿಸಲು ಅಲ್ಲ.

ಬೀಗಿತ್ತಿಯವರೇ, ಸಮಾಧಿಯೊಳಗೆ ಎಚ್ಚರವಾದವರಿಗೆ ಹೇಗಿರುತ್ತದೋ ಹಾಗಿತ್ತು. ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ. ನನ್ನ ಲಾಯರು ತಲೆ ಬಗ್ಗಿಸಿ ಫೋನು ಒತ್ತುತ್ತಿರುವುದೂ ಕಾಣುತ್ತಿದೆ, ನನಗೇ ಮಾಡುತ್ತಿದ್ದಾರೆ ಅಂತಲೂ ಗೊತ್ತು, ನನ್ನ ಫೋನು ಅಂಗಡಿಯಲ್ಲಿ ಸತ್ತು ಬಿದ್ದಿದೆ. ಎದ್ದು ಓಡಿ ತರೋಣ ಅಂದರೆ, ಎದ್ದ ಕೂಡಲೇ ಪರದೆ ಮಲಗುತ್ತದೆ, ಮತ್ತೆ ಅಷ್ಟುದ್ದದ ವಿಳಾಸ ಒತ್ತುವಷ್ಟರಲ್ಲಿ ಕೋರ್ಟೇ ಎದ್ದು ಹೋಗಿರುತ್ತದೆ. ಎದ್ದರೆ ಸೂಜಿ ಹೋಗುತ್ತಾಳೆ, ಕೂತರೆ ನಾನಿಲ್ಲ. ಏನು ಮಾಡುತ್ತೀರಿ ಹೇಳಿ.

ಕಿಟಕಿ ಗಾಜು ಇಳಿಸಿದೆ. ಜೆರಾಕ್ಸಿನವನೇ, ಓಡಿ ಬಾರೋ, ಫೋನು ತಾರೋ ಅಂತ ಕೂಗಿದೆ. ಅವನು ಕತ್ತೆತ್ತಿ ನೋಡಿ ಒಳಗೆ ಹೋದ. ಹಾರನ್ ಹೊಡೆದೆ. ತರಕಾರಿ ಗಾಡಿಯವನು ಗಾಡಿಯನ್ನು ಆಚೆ ಪಕ್ಕಕ್ಕೆ ತಳ್ಳಿಕೊಂಡ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿಬ್ಬರು, ಇವತ್ತು ಬೆಳಿಗ್ಗೇನೇ ಶುರುವಾಯ್ತಲ್ಲೇ ಅಂತ ನಗುತ್ತಾ ದಾಟಿ ಹೋದರು. ಯಾರನ್ನೂ ದೂರುವ ಹಾಗಿಲ್ಲ. ನನ್ನ ಗಂಟಲು ಈ ಬೀದಿಗೆ ಹೊಸದಲ್ಲ. ನಾನು ಕೂಗಿದರೆ ಜನ ಹತ್ತಿರ ಬರುವುದಿಲ್ಲ, ದೂರ ಹೋಗುತ್ತಾರೆ. ನಾನೇ ಕಲಿಸಿದ ಪಾಠ. ಜೆರಾಕ್ಸಿನವನು ಸಂಜೆ ಬಂದು, ಅಕ್ಕಾ ಫೋನಿನ ವಿಚಾರಕ್ಕೆ ಇನ್ನೂ ಬೈತಿದೀರ ಅಂದ್ಕೊಂಡೆ ಅಂತ ತಲೆ ಕೆರೆದುಕೊಂಡ. ಅವನಿಗೆ ನಾನು ಏನೂ ಅನ್ನಲಿಲ್ಲ. ಅವನೇ ಗಾಬರಿಯಾಗಿ, ಹುಷಾರಾಗಿದೀರಾ ಅಂತ ಕೇಳಿದ.

ಅಷ್ಟರಲ್ಲಿ ಜಡ್ಜಮ್ಮ ಸೂಜಿಯನ್ನು ಕೇಳಿದರು. ನಿಮಗೂ ನೆನಪಿರುತ್ತದೆ. ಪುಟ್ಟಾ, ನಿಮ್ಮಜ್ಜಿ ಯಾಕೆ ಮಾತಾಡ್ತಿಲ್ಲ, ನಿನಗೇನಾದ್ರೂ ಗೊತ್ತಾ ಅಂತ. ನಿಮ್ಮ ಮುಖ ನೋಡಿ, ಆಮೇಲೆ ನನ್ನ ಕಪ್ಪು ಚೌಕದ ಕಡೆ ನೋಡಿ ಅವಳು ಹೇಳಿದಳು: ಹೊಲಿಗೆ ಅಜ್ಜಿಗೆ ನನ್ನ ಮೇಲೆ ಕೋಪ. ಅವಳ ಕತ್ತರಿ ಹೇಳದೆ ತಂದುಬಿಟ್ಟೆ.

ನಾನು ಪರದೆಯ ಗಾಜಿಗೆ ಕೈ ಹಚ್ಚಿದೆ. ಅವಳ ಕೆನ್ನೆ ಇದ್ದ ಜಾಗದಲ್ಲಿ ಹಚ್ಚಿದೆ. ಆ ದರಿದ್ರ ಪರದೆ ಬೆರಳು ತಾಗಿದ್ದಕ್ಕೆ ಅವಳನ್ನು ದೊಡ್ಡದು ಮಾಡಿ ತೋರಿಸಿತು. ಮುಖ ಅಷ್ಟು ದೊಡ್ಡದಾಯಿತು, ಕಣ್ಣಲ್ಲಿ ನೀರು ನಿಂತಿದ್ದೂ ಕಂಡಿತು. ಕತ್ತರಿ ಹಾಳಾಗಿ ಹೋಗಲಿ ಕಣೇ, ಅದು ಇಲ್ಲ ಅಂತ ಇವತ್ತು ನೀನು ಹೇಳಿದ ಮೇಲೇ ನನಗೆ ಗೊತ್ತಾದದ್ದು ಅಂದೆ. ಹತ್ತು ಸಲ ಅಂದೆ. ಯಾರಿಗೆ ಕೇಳಿಸಬೇಕು?

ಮೌನಂ ಸಮ್ಮತಿ ಲಕ್ಷಣಂ ಅನ್ನುವ ಮಾತು ಇದೆಯಲ್ಲ. ಊರಿಗೆಲ್ಲ ಬಾಯಿಬಡುಕಿ ಅನ್ನಿಸಿಕೊಂಡ ನನಗೆ ಅದು ಬಂದು ತಗುಲಿತು. ಅಭ್ಯಂತರವಿಲ್ಲ ಅಂತ ಭಾವಿಸಲಾಗಿದೆ ಅಂತ ಓದಿದರು. ಮಗು ನಿಮ್ಮ ಹತ್ತಿರವೇ ಅಂತ ಓದಿದರು. ಜಡ್ಜಮ್ಮ ಎದ್ದರು. ಅಲ್ಲಿಗೆ ಮುಗಿಯಿತು.

ಈಗ ನಾನು ಕೇಳುವುದು ಕೇಳಿಸಿಕೊಳ್ಳಿ. ಒಂದು, ಅವಳಿಗೆ ನಾನು ಬಂದಿದ್ದೆ ಅಂತ ಹೇಳಿ. ಕಾರಿನಲ್ಲಿ ಕೂತಿದ್ದೆ, ಮಾತು ಆಚೆ ಹೋಗಲಿಲ್ಲ ಅಂತ ಹೇಳಿ. ನಂಬದೆ ಇದ್ದರೆ, ಅವಳು ಹಳದಿ ಅಂಗಿ ಹಾಕಿಕೊಂಡಿದ್ದಳು, ಮಧ್ಯದಲ್ಲಿ ಒಂದು ಸಲ ಸೀನಿದಳು ಅಂತ ಹೇಳಿ. ಬಾರದವಳಿಗೆ ಅದು ಹೇಗೆ ಗೊತ್ತಾಗುತ್ತದೆ? ಎರಡು, ಕತ್ತರಿ ಅಲ್ಲೇ ಇರಲಿ. ಆದರೆ ಅದರಲ್ಲಿ ಕಾಗದ ಕತ್ತರಿಸಲು ಬಿಡಬೇಡಿ, ಬಾಯಿ ಮೊಂಡಾಗುತ್ತದೆ. ಮೂರು, ಅವಳನ್ನು ಫೋನಿಗೆ ಕರೆಯಿರಿ. ಬರಲ್ಲ ಅಂದರೆ ಎಳೆಯಬೇಡಿ. ಫೋನನ್ನು ಅವಳ ಹತ್ತಿರ ಎಲ್ಲಾದರೂ ಇಟ್ಟು ನೀವು ಆಚೆ ಹೋಗಿ. ನಾನು ಈ ಕಡೆಯಿಂದ ಮಾತಾಡಿಕೊಳ್ಳುತ್ತೇನೆ.

ಇದನ್ನು ನಾನು ಇಷ್ಟಕ್ಕೇ ಬಿಡುವವಳು ಅಂತ ತಿಳಿಯಬೇಡಿ. ಕೇಸು ಮತ್ತೆ ತೆರೆಸಬಹುದು ಅಂತ ನನ್ನ ಲಾಯರು ಹೇಳಿದ್ದಾರೆ. ಯಂತ್ರದ ತೊಂದರೆಯಿಂದ ಮಾತು ತಲುಪಲಿಲ್ಲ ಅಂತ ಬರೆದು ಕೊಟ್ಟರೆ ಜಡ್ಜಮ್ಮ ಕೇಳುತ್ತಾರಂತೆ. ಡಾಕ್ಟರಮ್ಮ ಸಾಕ್ಷಿ ಹೇಳುತ್ತೇನೆ ಅಂದಿದ್ದಾಳೆ. ಮುಂದಿನ ಸಲ ನಡೆದುಕೊಂಡಾದರೂ ಕೋರ್ಟಿಗೇ ಬರುತ್ತೇನೆ, ಆಗ ನನ್ನ ದನಿ ನಿಮ್ಮ ಮನೆ ತನಕ ಕೇಳುತ್ತದೆ. ತಯಾರಾಗಿರಿ.

ನಿಮ್ಮ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ ಇಲ್ಲವಾ ಗೊತ್ತಿಲ್ಲ. ಜಡ್ಜಮ್ಮನಿಗೆ ಕೈಮುಗಿಯಲು ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಂಡದ್ದು ನೋಡಿದೆ.

ಇಂತಿ,
ನಿಮ್ಮ ಸೊಸೆಯ ತಾಯಿ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಅಂತಿದ್ದೆ. ಲಕೋಟೆಗೆ ಹಾಕಿ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಜಡ್ಜಮ್ಮ ಎದ್ದರು, ಅಲ್ಲಿಗೆ ಮುಗಿಯಿತು ಅಂತ ಮೇಲೆ ಬರೆದದ್ದು ಸುಳ್ಳು. ಎಲ್ಲರ ಚೌಕವೂ ಹೋಯಿತು, ನಿಮ್ಮದು ಹೋಗಲಿಲ್ಲ. ಅದನ್ನು ಮುಚ್ಚುವುದು ನಿಮಗೂ ಬರಲಿಲ್ಲ ಅಂತ ಕಾಣುತ್ತದೆ. ನೀವಿಬ್ಬರೂ ಅಲ್ಲೇ ಕೂತಿದ್ದಿರಿ, ನಾನು ಇಲ್ಲೇ ಕೂತಿದ್ದೆ. ಸೂಜಿ ಮುಖವನ್ನು ನಿಮ್ಮ ತೋಳಿಗೆ ಒರೆಸಿಕೊಂಡಳು. ನೀವು ನೋಡದೆಯೇ ಅವಳ ತಲೆ ಮೇಲೆ ಕೈ ಇಟ್ಟಿರಿ. ಆಮೇಲೆ ನೀವು ಅಂದಿರಿ, ನಿನ್ನ ಹೊಲಿಗೆ ಅಜ್ಜಿಗೆ ಕೋಪ ಬಂದ್ರೆ ಬೀದಿಗೆಲ್ಲ ಕೇಳತ್ತೆ ಕಣೇ, ಸುಮ್ಮನೆ ಕೂತಿದ್ದಾರೆ ಅಂದ್ರೆ ಅದು ಕೋಪ ಅಲ್ಲ ಅಂತ. ಆ ಹೊತ್ತಿನಲ್ಲಿ ನೀವು ನನ್ನ ಬಗ್ಗೆ ಏನು ಬೇಕಾದರೂ ಹೇಳಬಹುದಿತ್ತು, ತಡೆಯುವವರಿರಲಿಲ್ಲ. ಕೇಸು ಮತ್ತೆ ತೆರೆಸಲು ಲಾಯರು ತಂದು ಕೊಟ್ಟ ಕಾಗದ ಅವತ್ತಿನಿಂದ ಮೆಷಿನ್ನಿನ ಮೇಲೆ ಬಿದ್ದಿದೆ. ರುಜು ಹಾಕಲು ದಿನಾ ಕೂರುತ್ತೇನೆ, ಕೈ ಬರುವುದಿಲ್ಲ.

ಆದರೆ ಅದಕ್ಕೆ ಸೂಜಿ ಕೇಳಿದಳಲ್ಲ, ಕೋಪ ಅಲ್ಲದೆ ಇದ್ರೆ ಮತ್ತೇನು, ಅಜ್ಜಿಗೆ ನಾನು ಬೇಡ್ವಾ ಅಂತ. ನೀವು ಅವಳ ಕಡೆ ತಿರುಗಿದಿರಿ, ಬಾಯಿ ತೆರೆದಿರಿ. ಅಷ್ಟರಲ್ಲಿ ಡಾಕ್ಟರಮ್ಮ ಕಾರಿನ ಬಾಗಿಲು ತೆಗೆದು, ಅಯ್ಯೋ ಯಾಕೆ ಅಳ್ತಿದೀರಿ ಅಂತ ನನ್ನ ತೋಳು ಹಿಡಿದು ಮೇಲೆಬ್ಬಿಸಿಬಿಟ್ಟಳು. ಪರದೆ ಮಲಗಿತು.

ನೀವು ಏನು ಹೇಳಿದಿರಿ? ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ಅದೊಂದನ್ನು ಬರೆದು ಹಾಕಿ.